ಸಾವ್ಕಾರ್ರ ಮ್ಯಾಲ ಕೇಸ್ ಹಾಕೂದೋ ಬ್ಯಾಡೋ

ನಾ ಕಲಬುರಗಿಯ ಒಂದು ದಾಲ್ ಮಿಲ್ಲಿನಾಗ 11 ವರ್ಷ 7 ತಿಂಗಳು ಮುನೀಮ ಅಂತ ಕೆಲ್ಸ ಮಾಡ್ದೆ. ಕಿರ್ದಿ, ಖತಾವಣಿ, ಗಂಜ್‌ದಿಂದ (ಕಾಳಿನ ಪ್ಯಾಟಿ) ಬರೋ ತೊಗರಿ ಚೀಲದ ತೂಕ, ಹಮಾಲರ ಪಗಾರ ಎಲ್ಲಾ ನನ್ನ ಕೈಯಾಗೇ ಇತ್ತು. 2018ರಾಗ ಅವ್ವಗ ಆರಾಮ ಇರ್ಲಿಲ್ಲ, ರಾತ್ರಿ ತನಕ ಮಿಲ್ಲಿನಾಗ ಕೂಡಾಕ ಆಗ್ಲಿಲ್ಲ, ಒಂದ್ ತಿಂಗಳ ಮೊದ್ಲೇ ಹೇಳಿ ಬಿಟ್ಟೆ. ಗ್ರಾಚ್ಯುಟಿ, ಅಂದ್ರ ವರ್ಷಗಟ್ಲೆ ದುಡಿದಾವ್ರಿಗಿ ಕೆಲ್ಸ ಬಿಡೋವಾಗ ಮಾಲೀಕರು ಕೊಡಬೇಕಾದ ರೊಕ್ಕ, ಕೇಳ್ದಾಗ ಮಿಲ್ಲಿನ ಸಾವ್ಕಾರ್ರು "ತಾವಾಗೇ ಬಿಟ್ಟು ಹೋಗಾವ್ರಿಗಿ ಎಲ್ಲಿ ಗ್ರಾಚ್ಯುಟಿ" ಅಂದ್ರು. ಅದಾದ್ ಒಂದ್ ವಾರಕ್ಕ ನೆಹರು ಗಂಜ್‌ದಾಗ ಸುದ್ದಿ ಬಂತು, ನಾ ತೂಕದಾಗ ರೊಕ್ಕ ತಿಂದೀನಿ ಅಂತ ಅವ್ರು ಅಡತ್ (ದಲಾಲಿ) ಅಂಗಡ್ಯಾಗ ಕುಂತು ಹೇಳ್ಯಾರಂತ. ಎರಡ್ ಕಡೆ ಕೆಲ್ಸ ಪಕ್ಕಾ ಆಗಿದ್ದು ತಪ್ಪಿ ಹೋಯ್ತು.

ಆ ರಾತ್ರಿ ನಿದ್ದಿ ಬರ್ಲಿಲ್ಲ. ಮಗಳ ನೋಟ್‌ಬುಕ್ಕಿನ ಒಂದ್ ಹಾಳಿ ಹರ್ಕೊಂಡು ಎಲ್ಲಾ ಬರ್ದೆ, ಗ್ರಾಚ್ಯುಟಿ, ಬ್ಯಾಂಕಿನ ಪಗಾರ ಬಿಟ್ಟು ಪ್ರತಿ ತಿಂಗಳ ಕೈಯಾಗ ಕೊಡ್ತಿದ್ದ 4,000 ರೂಪಾಯಿ ಲೆಕ್ಕದಾಗ ಇಲ್ಲದ್ದು, ತೂಕದ ಮಾತು, ಹನ್ನೊಂದ್ ವರ್ಷ ದೀಪಾವಳಿ ದಿವ್ಸಾನೂ ಕರ್ಸಿದ್ದು, ಎಲ್ಲಾನೂ. ಮನ್ಯಾಕಿ "ನೀರಾಗ ಇದ್ದು ಮೊಸಳಿ ಜೋಡಿ ವೈರ ಯಾಕ್ರಿ" ಅಂದ್ಳು. ನಂಗ ಆ ಹೊತ್ತಿಗಿ ಸಾವ್ಕಾರ್ರು ಕೋರ್ಟ್ ಕಟ್ಟಿ ಮ್ಯಾಲ ನಿಂದ್ರೂದು ನೋಡಬೇಕಿತ್ತು ಅಷ್ಟೇ.

ನಮ್ಮಪ್ಪನ ಗೆಳ್ಯಾರೊಬ್ರು ವಯಸ್ಸಾದ ವಕೀಲರು, ಅವ್ರ ಹತ್ರ ಆ ಹಾಳಿ ಒಯ್ದೆ. ಅವ್ರು ಓದಿ ಮೊದ್ಲ ತೂಕದ ಮಾತಿಗೇ ಬಂದ್ರು. "ತಮ್ಮಾ, ಇದು ಮಾನಹಾನಿ, ಐಪಿಸಿ 499, 500, ಮ್ಯಾಜಿಸ್ಟ್ರೇಟ್ ಮುಂದ ದೂರು ಕೊಡಬಹುದು. ಆದ್ರ ಕೇಳ್ಸಿಕೊಂಡಾವ್ರು ಯಾರು? ಬಂದು ಹೇಳ್ತಾರೇನು?" ಮೂರ್ ಮಂದಿ ಅಡತಿಯವ್ರು ಕೇಳ್ಸಿಕೊಂಡಿದ್ರು. ಒಬ್ರ ಹತ್ರ ಹೋಗಿ ಕೇಳ್ದೆ. ಅವ್ರು ನನ್ನ ಕೈ ಹಿಡ್ಕೊಂಡು "ಅಣ್ಣಾ, ನೀ ಅಂಥಾವ ಅಲ್ಲಂತ ನಂಗ ಗೊತ್ತದ, ಆದ್ರ ಅವ್ರ ರೊಕ್ಕದ ಮ್ಯಾಲೇ ನನ್ನ ಅಂಗಡಿ ನಡೀತದ" ಅಂದ್ರು. ಅವ್ರ ಮ್ಯಾಲ ನಂಗ ಇವತ್ತಿಗೂ ಸಿಟ್ಟಿಲ್ಲ. ಸಾಕ್ಷಿ ಇಲ್ಲದ ಕೇಸಿನಾಗ "ತೂಕದಾಗ ತಿಂದಾನ" ಅನ್ನೋ ಮಾತು ಪ್ರತಿ ತಾರೀಖಿಗೂ ನಾನೇ ನನ್ನ ಬಾಯಿಲೆ ಹೇಳ್ಬೇಕಿತ್ತು, ಅದನ್ನ ವಕೀಲರು ಹೇಳಿದ್ ಮ್ಯಾಲೇ ನಂಗ ಹೊಳೀತು.

ಕೈಯಾಗ ಕೊಡ್ತಿದ್ದ 4,000ಕ್ಕೂ ಒಂದ್ ಚೀಟಿ ಇರ್ಲಿಲ್ಲ. ನಾನೇ ಲೆಕ್ಕ ಬರಿಯಾವ, ನನ್ನ ರೊಕ್ಕಕ್ಕೇ ಬರ್ದಿಟ್ಟ ಲೆಕ್ಕ ಇಲ್ಲ. ತೂಕದ ಮಾತಿನ ಜೋಡಿ ವಕೀಲರು ಅದನ್ನೂ ಬಿಡ್ಸಿದ್ರು.

ಉಳಿದಿದ್ದು ಗ್ರಾಚ್ಯುಟಿ. ಇದ್ರಾಗ ವಕೀಲರ ದನೀನೇ ಬ್ಯಾರೆ ಆಯ್ತು. 1972ರ ಕಾಯ್ದೆ, 10 ಮಂದಿ ಅಥವಾ ಹೆಚ್ಚು ಇದ್ದಲ್ಲಿ ಅನ್ವಯ, 5 ವರ್ಷ ಸತತ ಸೇವಾ ಆಗಿದ್ರ ರಾಜೀನಾಮೆ ಕೊಟ್ರೂ ಹಕ್ಕು. ನನ್ನ ಕೊನೀ ಪಗಾರ ಬ್ಯಾಂಕಿನಾಗ 15,600. ಅದಕ್ಕ ತಿಂಗಳಿನ ಕೆಲ್ಸದ ದಿನ ಅಂತ 26ಲಿಂದ ಭಾಗಿಸಿದ್ರ ದಿನಕ್ಕ 600, ವರ್ಷಕ್ಕ 15 ದಿನ ಅಂದ್ರ 9,000. ನಾ 11 ವರ್ಷ ಹಿಡ್ದು 99,000 ಬರ್ದಿದ್ದೆ. ಅವ್ರು ಪೆನ್ನಿಲೆ ಹೊಡ್ದು 1,08,000 ಮಾಡಿದ್ರು, ಆರ್ ತಿಂಗಳ ದಾಟಿದ ತುಂಡು ವರ್ಷಾನೂ ಪೂರ್ತಿ ವರ್ಷಾನೇ ಅಂತ.

ಮೊದ್ಲು ಫಾರ್ಮ್ ಐ (ಮಾಲೀಕರಿಗಿ ಗ್ರಾಚ್ಯುಟಿ ಕೇಳೋ ಅರ್ಜಿ) ತುಂಬಿ ಮಿಲ್ಲಿಗಿ ರಿಜಿಸ್ಟರ್ ಪೋಸ್ಟ್ ಹಾಕ್ದೆ. ಅವ್ರು ತಗೊಳ್ಲಿಲ್ಲ, ನಿರಾಕರಿಸಿದ್ದಾರೆ ಅಂತ ಪೋಸ್ಟ್‌ಮನ್ ಬರ್ದು ವಾಪಸ್ ತಂದ. ನಾ ಸಿಟ್ಟಿಲೆ ಹರೀಲಿಕ್ಕೆ ಹೊಂಟಿದ್ದೆ, ವಕೀಲರು "ಒಡೀಬ್ಯಾಡ, ಹಂಗೇ ಇಡು, ಇದೇ ನಿನ್ನ ಸಾಕ್ಷಿ" ಅಂದ್ರು. ಆಮ್ಯಾಲ ಫಾರ್ಮ್ ಎನ್ (ಮಾಲೀಕರು ಕೊಡ್ದಿದ್ರ ಹಾಕೋ ಅರ್ಜಿ) ತುಂಬಿ ಕಾರ್ಮಿಕ ಇಲಾಖೆಗಿ ಕೊಟ್ವಿ. ಅಲ್ಲಿ ಸಾವ್ಕಾರ್ರ ಕಡೆಯವ್ರು ಹೊಸಾ ಮಾತ್ ತಗದ್ರು, ನಾ ಇವ್ರ ಹತ್ರ ಮೂರೇ ವರ್ಷ, ಅದಕ್ಕಿಂತ ಮೊದ್ಲು ಅವ್ರ ತಮ್ಮನ ಫರ್ಮಿನಾಗ ಇದ್ದೆ ಅಂತ. ನಂಗ ಎದಿ ಝಲ್ ಅಂತು. ಆದ್ರ ನನ್ನ ಪಿಎಫ್ ಖಾತೆ ಶುರುಲಿಂದ ಒಂದೇ ಮಿಲ್ಲಿನ ಹೆಸರಿನಾಗ ಇತ್ತು, ಸೇರಿದ್ ತಾರೀಖು ಸುದ್ದಾ ಇತ್ತು. ಅದೊಂದ್ ಪ್ರಿಂಟ್ ಮುಂದಿಟ್ಟ ಮ್ಯಾಲ ಅವ್ರ ಕಡೆಯವ್ರು ಮತ್ತ ಆ ಮಾತ್ ತಗೀಲಿಲ್ಲ.

ಕೋರ್ಟಿಗಿ ಹೋದ್ರ ಗೆದ್ದವ ಸೋತ, ಸೋತವ ಸತ್ತ ಅಂತ ನಮ್ಮ ಕಡೆ ಎಲ್ಲಾರೂ ಹೇಳ್ತಾರ, ನಾನೂ ಅದನ್ನೇ ನಂಬಿದಾವ. ಗ್ರಾಚ್ಯುಟಿ ವಿಷಯದಾಗ ಅದು ಖರೇ ಅಲ್ರಿ. ವಕೀಲರು ಪರಿಚಯಕ್ಕ ಬಿಡಿಗಾಸು ತಗೊಳ್ಲಿಲ್ಲ, ಪರಿಚಯದವ್ರು ಇಲ್ಲಾಂದ್ರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಅರ್ಜಿ ಹಾಕಬಹುದು, ಹೆಣ್ಮಕ್ಳು, ಎಸ್‌ಸಿ ಎಸ್‌ಟಿಯವ್ರು, ಕೈಗಾರಿಕಾ ಕಾರ್ಮಿಕರು ಇವ್ರಿಗೆಲ್ಲಾ ಪುಕ್ಕಟ ವಕೀಲರನ್ನ ಕೊಡೂದು ಕಾನೂನಿನಾಗೇ ಅದ, 15100ಕ್ಕ ಫೋನ್ ಮಾಡಿದ್ರ ದಾರಿ ಹೇಳ್ತಾರ. ನನ್ನ ಕೇಸ್ ನಡೆದಿದ್ದು ಹಳೇ ಕಾಯ್ದೆ ಮ್ಯಾಲ, 2025ರ ನವೆಂಬರ್ 21ರಿಂದ ಅದ್ರ ಜಾಗದಾಗ ಸಾಮಾಜಿಕ ಭದ್ರತಾ ಸಂಹಿತೆ ಬಂದದ, ಈಗ ಕೇಳಾವ್ರು ಅದನ್ನ ನೋಡ್ಕೊಂಡೇ ಮುಂದ ಹೋಗ್ರಿ.

ಕೊಡಬೇಕಾದ ದಿನದಿಂದ 14 ತಿಂಗಳು ತಡ ಆಗಿ ರೊಕ್ಕ ಬಂತು. 10 ಪರ್ಸೆಂಟ್ ಸರಳ ಬಡ್ಡಿ 12,600 ಸೇರಿ 1,20,600. ಅವ್ವನ ದವಾಖಾನಿ ಸಾಲ ಅದ್ರಾಗೇ ತೀರಿತು. ತೂಕದ ಮಾತನ್ನ ಸಾವ್ಕಾರ್ರು ಎಲ್ಲಿಯೂ ವಾಪಸ್ ತಗೊಂಡಿಲ್ಲ. ಈಗ ಬ್ಯಾರೆ ಮಿಲ್ಲಿನಾಗ ಇದೀನಿ, ವಾರಕ್ಕೆರಡ್ ಸಲ ಗಂಜ್‌ಗಿ ಹೋಗ್ಬೇಕು, ಆ ಅಡತ್ ಅಂಗಡಿ ಇರೋ ಸಾಲು ಬಿಟ್ಟು ಹಿಂದಿನ ಗಲ್ಲಿಲಿಂದನೇ ಹೋಗ್ತೀನಿ.