ಸುಟ್ಟ ಬಸ್ಸಿನಲ್ಲಿ ನಿಜಕ್ಕೂ ಹೆದರಬೇಕಾದದ್ದು

ಭಾರಿ ವಾಹನಗಳ ವಿಮಾ ಸರ್ವೇಯರ್ ಆಗಿರುವ ನನಗೆ ಸುಟ್ಟ ಬಸ್ಸು, ಲಾರಿಗಳ ಅಡಿಯಲ್ಲಿ ತೂರುವುದೇ ಕೆಲಸ. ಪೀಣ್ಯದ ಗ್ಯಾರೇಜಾಗಲಿ, ನೆಲಮಂಗಲದ ಕಡೆಯ ಯಾರ್ಡಾಗಲಿ, ಕೇಳಿಬರುವ ಮಾತು ಒಂದೇ: “ಏರ್ ಟ್ಯಾಂಕ್ ಸಿಡಿಯಿತು ಸಾರ್, ಬಾಂಬಿನ ಹಾಗೆ ಶಬ್ದ ಬಂತು.” ಬಗ್ಗಿ ನೋಡಿದರೆ ಟ್ಯಾಂಕುಗಳು ಮಸಿ ಮೆತ್ತಿಕೊಂಡು ಇದ್ದಲ್ಲೇ ಇರುತ್ತವೆ. ಸದ್ದು ಮಾಡಿದ್ದು ಹೆಚ್ಚಾಗಿ ಟೈರುಗಳು.

ಬ್ರೇಕು ನಡೆಸುವ ಗಾಳಿಯನ್ನು ಒತ್ತಿ ತುಂಬಿಡುವ ಈ ಟ್ಯಾಂಕಿನಲ್ಲಿ ಸಾಮಾನ್ಯವಾಗಿ 8 ಬಾರ್, ಅಂದರೆ ಹೊರಗಿನ ಗಾಳಿಯ ಎಂಟು ಪಟ್ಟಿನ ಆಸುಪಾಸು, ಒತ್ತಡವಿರುತ್ತದೆ. ಗಾಳಿಗೆ ದಾರಿ ಕೊಡದೆ 27 ಡಿಗ್ರಿಯಿಂದ 327 ಡಿಗ್ರಿಗೆ ಕಾಯಿಸಿದರೆ ಒತ್ತಡ ಇಮ್ಮಡಿಯಾಗುತ್ತದೆ ನಿಜ. ಆದರೆ ಬೆಂಕಿ ಅಷ್ಟು ಹೊತ್ತು ಕಾಯುವುದಿಲ್ಲ. ಟ್ಯಾಂಕಿನಿಂದ ಹೊರಟ ನೈಲಾನ್ ಪೈಪುಗಳು 200 ಡಿಗ್ರಿ ಮುಟ್ಟುವ ಮೊದಲೇ ಕರಗಿ, ಗಾಳಿ ಬುಸ್ಸೆಂದು ಹೊರಟುಹೋಗುತ್ತದೆ. ಒತ್ತಡ ಮೀರಿದರೆ ಗಾಳಿ ಹೊರಬಿಡುವ ಸೇಫ್ಟಿ ವಾಲ್ವ್ ಬೇರೆ ಇರುತ್ತದೆ. ಹಾಗೆಂದು ಟ್ಯಾಂಕು ಸಿಡಿಯುವುದೇ ಇಲ್ಲ ಎನ್ನಲಾರೆ. ಒಳಗೆ ಸೇರುವ ನೀರನ್ನು ದಿನವೂ ಹೊರಬಿಡದೆ ತುಕ್ಕು ತಿಂದ ಟ್ಯಾಂಕನ್ನು ನಾನಂತೂ ನಂಬುವುದಿಲ್ಲ. (ಸಿಎನ್‌ಜಿ ಸಿಲಿಂಡರಿನ ಲೆಕ್ಕವೇ ಬೇರೆ: 200 ಬಾರ್ ಒತ್ತಡ, ಅದೂ ಉರಿಯುವ ಅನಿಲ. ಅದರ ಹತ್ತಿರ ಸುಳಿಯಲೇಬಾರದು.)

ಗಾಳಿ ಹೋದ ಮೇಲೆ ಏನಾಗುತ್ತದೆ ಎಂಬುದನ್ನು ಚಾಲಕರಿಗೆ ಯಾರೂ ಸರಿಯಾಗಿ ಹೇಳಿರುವುದಿಲ್ಲ. ಪಾರ್ಕಿಂಗ್ ಬ್ರೇಕನ್ನು ಬಿಡಿಸಿ ಹಿಡಿದಿರುವುದೇ ಆ ಗಾಳಿ. ಅದು ಇಳಿದರೆ ಚಕ್ರದ ಬಳಿಯ ಬ್ರೇಕ್ ಚೇಂಬರ್ ಎಂಬ ಡಬ್ಬಿಯೊಳಗೆ ಅದುಮಿಟ್ಟಿದ್ದ ಸ್ಪ್ರಿಂಗ್ ಹಿಗ್ಗಿ ಹಿಂದಿನ ಚಕ್ರಗಳು ಬಿಗಿಯುತ್ತವೆ. ಹೊಗೆ ಕಂಡ ಮೇಲೂ ‘ಹೆಬ್ಬಾಳ ಫ್ಲೈಓವರ್ ಇಳಿದು ನಿಲ್ಲಿಸೋಣ’ ಎಂದುಕೊಂಡರೆ ಗಾಡಿ ಫ್ಲೈಓವರಿನ ನಡುವೆಯೇ ಕೂತುಬಿಡಬಹುದು. ಹಿಂದೆ ಬರುವ ಅಗ್ನಿಶಾಮಕ ವಾಹನಕ್ಕೂ ದಾರಿಯಿಲ್ಲ. ಹೊಗೆ ಕಂಡಲ್ಲೇ ಎಡಕ್ಕೆ ತೆಗೆದು ಜನರನ್ನು ಇಳಿಸಬೇಕು. ಗಾಳಿಯಿಂದಲೇ ನಡೆಯುವ ಬಾಗಿಲು ತೆರೆಯದಿದ್ದರೆ ಅದರ ಬಳಿಯ ತುರ್ತು ವಾಲ್ವ್ ತಿರುಗಿಸಿ ಕೈಯಿಂದ ತಳ್ಳಬೇಕು. ಆ ವಾಲ್ವ್ ಎಲ್ಲಿದೆ ಎಂದು ಕಂಡಕ್ಟರನ್ನು ಕೇಳಿ ನೋಡಿ, ಎಷ್ಟು ಜನ ತಡಕಾಡುತ್ತಾರೋ!

ಎಲ್ಲರೂ ಟ್ಯಾಂಕಿಗೆ ಹೆದರುತ್ತಾರೆ, ನನಗೆ ಭಯ ಆ ಸ್ಪ್ರಿಂಗ್ ಚೇಂಬರಿನದು. ಗಾಳಿಯೆಲ್ಲ ಹೋದರೂ ಸ್ಪ್ರಿಂಗಿನ ಬಲ ಪೂರ್ತಿ ಹೋಗಿರುವುದಿಲ್ಲ. ಅಲ್ಯೂಮಿನಿಯಂ ಹೊದಿಕೆ ಬೆಂಕಿಗೆ ಮೆತ್ತಗಾಗಿದ್ದರೆ ಸಣ್ಣ ಪೆಟ್ಟಿಗೂ ಬಾಯಿಬಿಟ್ಟು ಸ್ಪ್ರಿಂಗ್ ಚಿಮ್ಮಬಹುದು. ಒಂದು ಯಾರ್ಡಿನಲ್ಲಿ ಚಕ್ರ ತಿರುಗುತ್ತಿಲ್ಲವೆಂದು ಹುಡುಗನೊಬ್ಬ ಗ್ಯಾಸ್ ಕಟರ್ ಹಿಡಿದು ಅದರ ಮುಂದೆಯೇ ಕುಕ್ಕರಗಾಲಲ್ಲಿ ಕೂತಿದ್ದ. ಎಬ್ಬಿಸಿದ್ದಕ್ಕೆ ಮಾಲೀಕರು ನನ್ನ ಮೇಲೆಯೇ ಮುನಿಸಿಕೊಂಡರು. ಈಗ ಚೇಂಬರಿನ ಫೋಟೊವನ್ನು ದೂರದಿಂದಲೇ ತೆಗೆಯುತ್ತೇನೆ. ಗಾಡಿ ಸಾಗಿಸಬೇಕಿದ್ದರೆ ಚಕ್ರ ಬಿಡಿಸುವ ಗೋಜಿಗೆ ಹೋಗದೆ ಕ್ರೇನಿನಲ್ಲಿ ಎತ್ತಿ ಟ್ರೇಲರಿಗೆ ಹಾಕಿ ಎನ್ನುತ್ತೇನೆ. ಮೈಮೇಲೆ ಗೀರಿಲ್ಲದಿದ್ದರೂ ಬೆಂಕಿ ಕಂಡ ಏರ್ ಟ್ಯಾಂಕನ್ನು ಗುಜರಿಗೆ ಬರೆಯುತ್ತೇನೆ.