ಡಿಸ್ಕ್ ಸತ್ತು 40 ದಿನ, ಯಾರಿಗೂ ಗೊತ್ತಿಲ್ಲ

ನಾನು ಆಗ ನೋಡಿಕೊಳ್ಳುತ್ತಿದ್ದ ಫೈಲ್ ಸರ್ವರ್‌ನಲ್ಲಿ 4 ಟಿಬಿಯ ನಾಲ್ಕು ಡಿಸ್ಕ್ ಇದ್ದವು. ರೇಡ್ 5, ಅಂದರೆ ಹಲವು ಡಿಸ್ಕನ್ನು ಒಂದೇ ಡಿಸ್ಕಿನಂತೆ ಜೋಡಿಸಿ, ಒಂದು ಸತ್ತರೂ ಡೇಟಾ ಉಳಿಯುವ ಹಾಗೆ ಮಾಡುವ ವ್ಯವಸ್ಥೆ. ಒಟ್ಟು 16 ಟಿಬಿಯಲ್ಲಿ ಕೈಗೆ ಸಿಗೋದು 12. ಉಳಿದ ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ ಹೋಗುತ್ತದೆ.

ಪ್ಯಾರಿಟಿ ಅಂದರೆ ದೊಡ್ಡ ವಿದ್ಯೆ ಏನಲ್ಲ. ಮೂರು ಡಿಸ್ಕಿನಲ್ಲಿ 1, 0, 0 ಇದೆ ಅಂದುಕೊಳ್ಳಿ. ಒಂದುಗಳ ಎಣಿಕೆ ಸಮಸಂಖ್ಯೆ ಆಗಬೇಕು, ಹಾಗಾಗಿ ನಾಲ್ಕನೆಯದರಲ್ಲಿ 1 ಬರೆಯುತ್ತದೆ. ಮೊದಲ ಡಿಸ್ಕ್ ಹೋಯಿತಾ? ಉಳಿದದ್ದು 0, 0, 1. ಕಳೆದುಹೋಗಿದ್ದು 1 ಅಂತ ತಾನೇ ಗೊತ್ತಾಗುತ್ತದೆ. ಇಷ್ಟೇ ಲೆಕ್ಕ, ಕೋಟಿಗಟ್ಟಲೆ ಸಲ.

ತೊಂದರೆ ಇರೋದೂ ಇಲ್ಲೇ. ಡಿಸ್ಕ್ ಸತ್ತರೂ ಫೈಲು ತೆರೆಯುತ್ತದೆ, ಸೇವ್ ಆಗುತ್ತದೆ. ಸ್ವಲ್ಪ ನಿಧಾನ ಅಷ್ಟೇ. ನಿಧಾನ ಅಂತ ಯಾರು ಕಂಪ್ಲೇಂಟ್ ಮಾಡ್ತಾರೆ? ಎಲ್ಲರೂ ನೆಟ್‌ವರ್ಕನ್ನು ಬೈದು ಸುಮ್ನಾಗ್ತಾರೆ.

ಒಂದು ದಿನ ಬೇರೇನೋ ಹುಡುಕುತ್ತಾ ರೇಡ್‌ನ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಫೈಲು ತೆರೆದೆ. ಕೆಲಸ ಮಾಡುವ ಡಿಸ್ಕಿಗೆ ಒಂದರಂತೆ ನಾಲ್ಕು 'ಯು' ಇರಬೇಕಾದ ಕಡೆ ಮೂರೇ 'ಯು', ಕೊನೆಗೊಂದು ಅಡಿಗೆರೆ. ಲಾಗ್ ನೋಡಿದರೆ ಡಿಸ್ಕ್ ಹೊರಬಿದ್ದು 40 ದಿನ ಆಗಿತ್ತು. ರೇಡ್ ನೋಡಿಕೊಳ್ಳುವ ಪ್ರೋಗ್ರಾಂ ಎಂಡಿಎಡಿಎಂ ಪಾಪ ಅವತ್ತೇ ಮೇಲ್ ಕಳಿಸಿತ್ತು. ಎಲ್ಲಿಗೆ? ಅದೇ ಸರ್ವರ್‌ನ ರೂಟ್ (ಅಡ್ಮಿನ್) ಖಾತೆಯ ಮೇಲ್‌ಬಾಕ್ಸಿಗೆ. ಅದನ್ನು ನಾನು ಒಂದು ಸಲವೂ ತೆರೆದಿರಲಿಲ್ಲ.

ಹೊಸ ಡಿಸ್ಕ್ ಹಾಕಿ ರೀಬಿಲ್ಡ್ (ಸತ್ತ ಡಿಸ್ಕಿನ ಡೇಟಾವನ್ನು ಲೆಕ್ಕ ಹಾಕಿ ಹೊಸದರಲ್ಲಿ ಬರೆಯೋದು) ಶುರು ಮಾಡೋಣ ಅಂತ ಕೈ ಮುಂದೆ ಹೋಗಿತ್ತು. ಯಾಕೋ ಉಳಿದ ಮೂರರ ಸ್ಮಾರ್ಟ್ ರಿಪೋರ್ಟ್, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ವರದಿ, ನೋಡಿದೆ. ಒಂದರಲ್ಲಿ ಪೆಂಡಿಂಗ್ ಸೆಕ್ಟರ್ 8. ಅಂದರೆ ಅಲ್ಲಿ ಓದಲಾಗದ ಜಾಗ ಇದೆ. ರೀಬಿಲ್ಡ್ ಆಗಬೇಕಾದರೆ ಉಳಿದ ಡಿಸ್ಕುಗಳನ್ನು ಪೂರ್ತಿ ಓದಬೇಕು. 4 ಟಿಬಿಯನ್ನು ಸೆಕೆಂಡಿಗೆ 150 ಎಂಬಿಯಂತೆ ಓದಿದರೂ ಏಳು ಗಂಟೆಗೆ ಮೇಲೆ. ಜನ ಕೆಲಸ ಮಾಡ್ತಿದ್ದರೆ ಇನ್ನೂ ಜಾಸ್ತಿ. ಒಟ್ಟಿಗೆ ಕೊಂಡ, ಒಂದೇ ವಯಸ್ಸಿನ ಡಿಸ್ಕುಗಳು ಬೇರೆ. ಮಧ್ಯದಲ್ಲಿ ಎರಡನೆಯದೂ ಕೈಕೊಟ್ಟರೆ ಅಷ್ಟೂ ಡೇಟಾ ಹೋಯಿತು.

ರೀಬಿಲ್ಡ್ ಬಿಟ್ಟು ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿದೆ. ಎರಡು ಫೈಲು ಓದಲಿಕ್ಕಾಗಲಿಲ್ಲ. ಹಳೇ ಬ್ಯಾಕಪ್‌ನಲ್ಲಿದ್ದವು, ಬದುಕಿದೆ. "ರೇಡ್ ಇದೆ ಅಲ್ವಾ, ಬ್ಯಾಕಪ್ ಯಾಕೆ?" ಅಂತ ಹಿಂದೆ ಕೇಳಿದ್ದ ನಮ್ಮ ಮ್ಯಾನೇಜರ್ ಸರ್ ಆಮೇಲೆ ಆ ಮಾತು ಎತ್ತಲಿಲ್ಲ. ಯಾರಾದರೂ ಫೋಲ್ಡರ್ ಡಿಲೀಟ್ ಮಾಡಿದರೆ ರೇಡ್ ಅದನ್ನೂ ಅಷ್ಟೇ ನಿಷ್ಠೆಯಿಂದ ಎಲ್ಲಾ ಡಿಸ್ಕಿನಲ್ಲೂ ಡಿಲೀಟ್ ಮಾಡುತ್ತದೆ.

ಹೊಸದಾಗಿ ಕಟ್ಟುವಾಗ ಆರು ಡಿಸ್ಕ್, ರೇಡ್ 6. ಯಾವ ಎರಡು ಹೋದರೂ ತಡೆಯುತ್ತದೆ. ಅದರ ಮೇಲೆ ಎಲ್‌ವಿಎಂ. ಡಿಸ್ಕುಗಳ ಜಾಗವನ್ನೆಲ್ಲ ಒಂದೇ ರಾಶಿ ಮಾಡಿ ಬೇಕಾದಷ್ಟು ಹಂಚುವ ಈ ಪದರ ಬೇಕಾ ಅಂತ ಆಗ ನನಗೇ ಅನುಮಾನ ಇತ್ತು. ಮುಂದೆ ಜಾಗ ಸಾಲದೇ ಬಂದಾಗ ಮಿರರ್ ಮಾಡಿದ (ಎರಡರಲ್ಲೂ ಒಂದೇ ಡೇಟಾ ಇರುವ) ಎರಡು 8 ಟಿಬಿ ಡಿಸ್ಕನ್ನು ಅದೇ ರಾಶಿಗೆ, ಅಂದರೆ ವಾಲ್ಯೂಮ್ ಗ್ರೂಪಿಗೆ, ಸೇರಿಸಿದೆ. ಜನ ಫೈಲು ತೆರೆದಿಟ್ಟುಕೊಂಡಿರುವಾಗಲೇ ಜಾಗ ದೊಡ್ಡದಾಯಿತು, ಒಬ್ಬರಿಗೂ ಲಾಗೌಟ್ ಆಗಿ ಅನ್ನಬೇಕಾಗಲಿಲ್ಲ. ಒಂದು ಮಾತು: ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ (ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ವಿಧಾನ) ಹಾಕಿದರೆ ಹಿಗ್ಗಿಸಬಹುದು, ಕುಗ್ಗಿಸೋಕಾಗಲ್ಲ. ಅದಕ್ಕೇ ನಾನು ಶುರುವಿನಲ್ಲೇ ಎಲ್ಲಾ ಜಾಗ ಕೊಟ್ಟುಬಿಡಲ್ಲ.

ಈಗ ಪ್ರತಿ ಟ್ರೇ ಮೇಲೂ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಬರೆದ ಚೀಟಿ ಇದೆ. ಗಾಬರಿಯಲ್ಲಿ ಚೆನ್ನಾಗಿರೋ ಡಿಸ್ಕನ್ನೇ ಎಳೆದವರನ್ನು ನೋಡಿದ್ದೇನೆ. ತಿಂಗಳ ಮೊದಲ ಸೋಮವಾರ ಎಂಡಿಎಡಿಎಂನಿಂದ ಟೆಸ್ಟ್ ಮೇಲ್ ಕಳಿಸುತ್ತೇನೆ. ಇಬ್ಬರ ಫೋನಿಗೆ ಬರಬೇಕು. ಒಬ್ಬರಿಗೆ ಬರದಿದ್ದರೂ ಅವತ್ತಿನ ಮೊದಲ ಕೆಲಸ ಅದೇ.