ಇಸ್ತಾಂಬುಲ್‌ನಲ್ಲಿ ಹಳೆಯ ಅಚ್ಚುಚಿತ್ರ ಕೊಳ್ಳುವ ಮುನ್ನ

ಇತಿಹಾಸದ ಆಸಕ್ತಿಯಿಂದ ಇಸ್ತಾಂಬುಲ್‌ಗೆ ಹೊರಟವರು ನನ್ನಂತೆ ಮೋಸಹೋಗಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಸುಲ್ತಾನಹ್ಮೆತ್ ಬಳಿಯ ಅಂಗಡಿಯೊಂದರಲ್ಲಿ 1878ರ ಮೂಲ ಅಚ್ಚುಚಿತ್ರವೆಂದು ನನಗೆ ಮಾರಿದ್ದು ಈಚಿನ ನಕಲು. ತೆತ್ತ ಹಣದಲ್ಲಿ ಮೂರು ದಿನ ಹೊಟ್ಟೆತುಂಬ ಉಣ್ಣಬಹುದಿತ್ತು. ಮೇಜಿನ ಒಂದು ಬದಿಗೆ ಪದಕ ಧರಿಸಿದ ರಷ್ಯನ್ನರು, ಇನ್ನೊಂದು ಬದಿಗೆ ಫೆಜ್ ಟೋಪಿಯ ಒಟ್ಟೋಮನ್ ಪ್ರತಿನಿಧಿಗಳು: ರಷ್ಯ-ಒಟ್ಟೋಮನ್ ಯುದ್ಧವನ್ನು ಮುಗಿಸಿದ ಸಾನ್ ಸ್ಟೆಫಾನೋ ಒಪ್ಪಂದದ ದೃಶ್ಯ. ರಾತ್ರಿ ಭೂತಗನ್ನಡಿ ಹಿಡಿದು ನೋಡಿದರೆ ಅಧಿಕಾರಿಯ ಗಡ್ಡದಲ್ಲಿ ಕೊರೆದ ಗೆರೆಗಳೇ ಇರಲಿಲ್ಲ, ಬರೀ ಬಣ್ಣದ ಚುಕ್ಕಿಗಳಿದ್ದವು.

ಮರುದಿನ ಬೆಯಾಜಿತ್ ಮಸೀದಿಯ ಪಕ್ಕದ ಸಹಾಫ್ಲಾರ್ ಪುಸ್ತಕಪೇಟೆಯಲ್ಲಿ ಹಿರಿಯ ವ್ಯಾಪಾರಿಯೊಬ್ಬರು ನಿಜವಾದ ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಆ ಕಾಲದ ಸಚಿತ್ರ ವಾರಪತ್ರಿಕೆಗಳು ದೊಡ್ಡ ಚಿತ್ರಗಳಿಗಾಗಿ ಗಟ್ಟಿ ಮರದ ಸಣ್ಣ ಸಣ್ಣ ತುಂಡುಗಳನ್ನು ಜೋಡಿಸಿ, ಬೇಗ ಮುಗಿಯಲೆಂದು ಬೇರೆಬೇರೆ ಕೆತ್ತನೆಗಾರರಿಂದ ಕೆತ್ತಿಸುತ್ತಿದ್ದುದರಿಂದ, ಎಷ್ಟೋ ಹಾಳೆಗಳಲ್ಲಿ ಆ ತುಂಡುಗಳು ಕೂಡಿದ ಕಡೆ ಕೂದಲೆಳೆಯಷ್ಟು ತೆಳುವಾದ ಬಿಳಿ ಗೆರೆ ಉಳಿದಿರುತ್ತದೆ. ಅವರಿಂದ ನಾನು ಕೊಂಡ ನಿಜವಾದ ಹಾಳೆಯಲ್ಲಿ ಅದು ಕುದುರೆಯ ಕುತ್ತಿಗೆಯ ಮೇಲೆಯೇ ಹಾದುಹೋಗಿದೆ. ಹಾಳೆಯ ಹಿಂಬದಿಯನ್ನೂ ನೋಡಿ: ಪತ್ರಿಕೆಯ ಬರಹವಿದ್ದರೆ ಒಳ್ಳೆಯ ಗುರುತು. ಬಣ್ಣ ಬಳಿದಿದ್ದರೆ ಹೆಚ್ಚು ಬೆಲೆ ಕೊಡಬೇಡಿ, ಅದು ಬಹುಮಟ್ಟಿಗೆ ಆಮೇಲೆ ಹಚ್ಚಿದ್ದು.

ಚಿತ್ರದ ಜಾಗವನ್ನು ನೋಡಲು ಮರ್ಮರಾಯ್ ರೈಲಿನಲ್ಲಿ ಯೆಶಿಲ್‌ಕೋಯ್‌ಗೆ ಹೋಗಿ. ಹಿಂದಿನ ಸಾನ್ ಸ್ಟೆಫಾನೋ ಅದೇ. ಬ್ರಿಟಿಷ್ ನೌಕಾಪಡೆ ಮರ್ಮರಾ ಸಮುದ್ರಕ್ಕೆ ಬಂದೊಡನೆ ರಷ್ಯದ ಸೈನ್ಯ ಇಲ್ಲಿಯವರೆಗೆ ಮುಂದುವರಿಯಿತು. 1878ರ ಮಾರ್ಚ್ 3ರಂದು ಒಪ್ಪಂದಕ್ಕೆ ರಷ್ಯದ ಪರವಾಗಿ ಇಗ್ನಾತಿಯೆವ್ ಮತ್ತು ನೆಲಿದೊವ್, ಸುಲ್ತಾನನ ಪರವಾಗಿ ಸಫ್ವೆತ್ ಪಾಶಾ ಮತ್ತು ಸಾದುಲ್ಲಾ ಬೇ ಸಹಿ ಹಾಕಿದರು. ಅದೇ ವರ್ಷ ಜುಲೈ 13ರ ಬರ್ಲಿನ್ ಒಪ್ಪಂದವು, ಇಲ್ಲಿ ರೂಪಿಸಿದ್ದ ವಿಶಾಲ ಬಲ್ಗೇರಿಯವನ್ನು ಕತ್ತರಿಸಿಹಾಕಿತು. ರಷ್ಯ ಸಮೀಪದಲ್ಲಿ ಕಟ್ಟಿಸಿದ್ದ ವಿಜಯ ಸ್ಮಾರಕವನ್ನು 1914ರ ನವೆಂಬರ್ 14ರಂದು ಸಿಡಿಸಲಾಯಿತು, ಆದ್ದರಿಂದ ಅದನ್ನು ಹುಡುಕುತ್ತ ಅಲೆಯಬೇಡಿ. ಸಮುದ್ರದಂಡೆಯಲ್ಲಿ ಕುಳಿತು ಹಾಳೆಯನ್ನು ಬಿಚ್ಚಿ ನೋಡುವುದೇ ನನಗೆ ಹೆಚ್ಚು ಹಿಡಿಸಿತು. ಶನಿವಾರ, ಭಾನುವಾರ ಜನಜಂಗುಳಿ ನನ್ನಂಥವರಿಗೆ ತಡೆಯಲಾಗದು, ವಾರದ ನಡುವೆ ಹೋಗಿ.

ಊಟಕ್ಕೆ ದಂಡೆಯ ಮೀನಿನ ಹೋಟೆಲುಗಳನ್ನು ಬಿಟ್ಟು ಒಳಬೀದಿಯ ಲೋಕಾಂತಾಗಳನ್ನು, ಅಂದರೆ ಮನೆಯಡುಗೆಯಂಥ ಊಟ ಸಿಗುವ ಸಣ್ಣ ಖಾನಾವಳಿಗಳನ್ನು, ಹುಡುಕಿ. ನಾನು ಹೊಕ್ಕ ಕಡೆ ಆರೇ ಮೇಜುಗಳಿದ್ದವು, ಮಾಡಿದ ಅಡುಗೆಯೆಲ್ಲ ಗಾಜಿನ ಹಿಂದೆ ಬಿಸಿಯಾಗಿತ್ತು. ಕೆಂಪು ಬೇಳೆಯ ಮೆರ್ಜಿಮೆಕ್ ಸಾರಿಗೆ ನಿಂಬೆಹಣ್ಣು ಹಿಂಡಿಕೊಂಡಾಗ ಮನೆಯ ತೊವ್ವೆಯೇ ನೆನಪಾಯಿತು; ಬ್ರೆಡ್ಡನ್ನು ಕೇಳದೆಯೇ ಎರಡು ಸಲ ತಂದಿಟ್ಟರು, ಹಣ ಕೇಳಲಿಲ್ಲ. ಸಸ್ಯಾಹಾರಿಗಳು ಹುರುಳಿಕಾಯಿ, ಬದನೆಕಾಯಿ ಪಲ್ಯಗಳನ್ನು ಕಂಡು ನಂಬದೆ ಮೊದಲು ‘ಎತ್ಸಿಜ್’, ಅಂದರೆ ಮಾಂಸವಿಲ್ಲದ್ದೇ, ಎಂದು ಕೇಳಬೇಕು.

ಮರ್ಮರಾಯ್‌ನಲ್ಲಿ ಒಳಹೋಗುವಾಗ ಇಸ್ತಾಂಬುಲ್‌ಕಾರ್ಡ್ ಎಂಬ ಸಾರಿಗೆ ಕಾರ್ಡಿನಿಂದ ಪೂರ್ತಿ ದೂರದ ದರ ಕಡಿತವಾಗುತ್ತದೆ. ಇಳಿದ ನಿಲ್ದಾಣದಲ್ಲಿ ‘ಇಆದೆ’ (ಮರುಪಾವತಿ) ಎಂದು ಬರೆದಿರುವ ಯಂತ್ರಕ್ಕೆ ಕಾರ್ಡು ಮುಟ್ಟಿಸಿದರೆ ಮಿಕ್ಕ ಹಣ ಮರಳುತ್ತದೆ. ಹೋಗುವಾಗ ನನಗೆ ಇದು ತಿಳಿದಿರಲಿಲ್ಲ, ಬರುವಾಗ ವಿದ್ಯಾರ್ಥಿನಿಯೊಬ್ಬಳು ಕೈಸನ್ನೆಯಿಂದ ತೋರಿಸಿಕೊಟ್ಟಳು.